ಮಾತು ನಿಲ್ಲಿಸುವ ಹಕ್ಕು

ದಾವಣಗೆರೆಯ ಮೊಬೈಲ್ ಕಂಪನಿಯೊಂದರ ಗ್ರಾಹಕ ಕೇಂದ್ರದಲ್ಲಿ ನಾನು ಎರಡು ವರ್ಷ ಕೆಲಸ ಮಾಡಿದ್ದೆ. ಮೂರು ಕೌಂಟರು, ಬಾಗಿಲ ಬಳಿ ಟೋಕನ್ ಯಂತ್ರ, ಹಿಂದೆ ಗಾಜಿನ ಕೋಣೆಯಲ್ಲಿ ಮ್ಯಾನೇಜರು. ಒಂದು ಸೋಮವಾರ ಬೆಳಿಗ್ಗೆ ಸಿಮ್ ಬಂದ್ ಆಗಿದೆ ಎಂದು ಒಬ್ಬರು ಬಂದರು. ಪಕ್ಕದ ಕೌಂಟರಿನ ಹುಡುಗಿ ವಿಳಾಸದ ದಾಖಲೆ ಕೇಳಿದಳು. ಅದಿಲ್ಲದೆ ಕಂಪ್ಯೂಟರು ಮುಂದಕ್ಕೇ ಹೋಗುತ್ತಿರಲಿಲ್ಲ. ಆತ ಟೋಕನ್ ಚೀಟಿಯನ್ನು ಉಂಡೆ ಮಾಡಿ ಅವಳ ಮುಖಕ್ಕೆ ಎಸೆದರು. "ನಿನ್ನ ಸಂಬಳ ಕೊಡೋದು ನಾನು" ಎಂದು ಶುರುವಾದ ಮಾತು ಅವಳ ತಾಯಿಯವರೆಗೂ ಹೋಯಿತು. ಮ್ಯಾನೇಜರು ಗಾಜಿನ ಬಾಗಿಲು ತೆರೆದು ಬಂದಾಗ ನಮಗೆಲ್ಲ ಹೋದ ಜೀವ ಬಂದಂತಾಯಿತು. ಅವರು ಗಿರಾಕಿಗೆ ಕುರ್ಚಿ ಎಳೆದು ಕೊಟ್ಟು, ಹುಡುಗಿಯ ಕಡೆ ತಿರುಗಿ, "ಸರ್‌ಗೆ ಸಾರಿ ಹೇಳಮ್ಮ, ಮುಗಿಸು" ಎಂದರು. ಅವಳು ಹೇಳಿದಳು. ಮುಂದಿನ ಟೋಕನ್ನಿನ ಗುಂಡಿ ಒತ್ತಿದಳು.

ಸಂಜೆ ಸ್ಟೋರ್ ರೂಮಿನಲ್ಲಿ ಅವಳು ಅತ್ತಳು. ಆ ಮನುಷ್ಯ ಬೈದದ್ದನ್ನು ಒಮ್ಮೆಯೂ ಎತ್ತಲಿಲ್ಲ. "ಸಾರಿ ಹೇಳು ಅಂದ್ರಲ್ಲ" ಎನ್ನುವುದನ್ನೇ ಮತ್ತೆ ಮತ್ತೆ ಹೇಳುತ್ತಿದ್ದಳು.

ಗಿರಾಕಿಯ ಬೈಗುಳ, ಹಲ್ಲೆ, ಅವಮಾನಗಳ ಬಗ್ಗೆ ಕಳೆದ ನಲವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಸಮಾಜಶಾಸ್ತ್ರಜ್ಞರು, ಮನೋವಿಜ್ಞಾನಿಗಳು, ಮ್ಯಾನೇಜ್‌ಮೆಂಟ್ ಪಂಡಿತರು, ನ್ಯಾಯಾಲಯಗಳು ಬೇಕಾದಷ್ಟು ಹೇಳಿದ್ದಾರೆ. ಒಬ್ಬೊಬ್ಬರು ಒಂದೊಂದು ಕಾರಣ ತೋರಿಸುತ್ತಾರೆ. ಅವನ್ನೆಲ್ಲ ಓದುತ್ತಾ ಹೋದಾಗ ನನಗೆ ಕಂಡದ್ದು ಇಷ್ಟು: ಸುತ್ತಿ ಬಳಸಿ ಎಲ್ಲ ವಾದವೂ ಒಂದೇ ಪ್ರಶ್ನೆಯ ಹತ್ತಿರ ಬಂದು ನಿಲ್ಲುತ್ತದೆ. ಕೌಂಟರಿನ ಈಚೆ ಕೂತವರಿಗೆ ಮಾತು ನಿಲ್ಲಿಸುವ ಹಕ್ಕು ಇದೆಯೇ? ಇಲ್ಲದಿದ್ದರೆ ಅದನ್ನು ಯಾರು ಕಸಿದುಕೊಂಡರು?

ಗಿರಾಕಿ ದೇವರಾದ ಕಥೆ

ಹಳೆಯ ಪೇಟೆಯಲ್ಲಿ ಈ ಪ್ರಶ್ನೆ ಈ ರೂಪದಲ್ಲಿ ಇರಲಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕೂತವನೇ ಅಂಗಡಿಯ ಧಣಿ. ಸಂತೆಯಲ್ಲಿ ಬೆಂಡೆಕಾಯಿ ಮಾರುವ ಹೆಂಗಸು ಅತಿಯಾಗಿ ಚೌಕಾಸಿ ಮಾಡುವವನಿಗೆ "ಮುಂದಕ್ಕೆ ಹೋಗಪ್ಪ, ಬೋಣಿ ಹೊತ್ತಲ್ಲಿ ಜಗಳ ಬೇಡ" ಎಂದು ಇವತ್ತಿಗೂ ಹೇಳುತ್ತಾಳೆ. ಸರಕು ಅವಳದು, ನಷ್ಟ ಅವಳದು, ಬಾಯಿಯೂ ಅವಳದೇ. ಧಣಿಯ ಸರಕನ್ನು ಕೂಲಿಯವರು ಮಾರುವ ದೊಡ್ಡ ಅಂಗಡಿಗಳು ಬಂದ ಮೇಲೆ ಇದು ಬದಲಾಯಿತು. ಧಣಿಯ ನಗು ಕೆಲಸಗಾರರಿಗೆ ಬಂತು. ಧಣಿಯ ಬಾಯಿ ಬರಲಿಲ್ಲ.

"ಗಿರಾಕಿ ಹೇಳಿದ್ದೇ ಸರಿ" ಎಂಬ ಘೋಷಣೆಯ ಹುಟ್ಟನ್ನು ಹತ್ತೊಂಬತ್ತನೇ ಶತಮಾನದ ಕೊನೆ ಮತ್ತು ಇಪ್ಪತ್ತನೆಯದರ ಆರಂಭದ ಆ ದೊಡ್ಡ ಅಂಗಡಿಗಳಲ್ಲೇ ಹುಡುಕುತ್ತಾರೆ. ಶಿಕಾಗೋದ ಮಾರ್ಷಲ್ ಫೀಲ್ಡ್, ಆತನ ಬಳಿ ಪಳಗಿ 1909ರಲ್ಲಿ ಲಂಡನ್ನಿನ ಆಕ್ಸ್‌ಫರ್ಡ್ ಬೀದಿಯಲ್ಲಿ ತನ್ನದೇ ಮಳಿಗೆ ತೆರೆದ ಹ್ಯಾರಿ ಗಾರ್ಡನ್ ಸೆಲ್ಫ್‌ರಿಜ್, ಹೋಟೆಲು ಉದ್ಯಮದ ಸೀಸರ್ ರಿಟ್ಜ್ ಇವರ ಹೆಸರುಗಳು ಈ ಮಾತಿನ ಜೊತೆ ತಳಕು ಹಾಕಿಕೊಂಡಿವೆ. ಆಗ ಅದು ಮಾಲೀಕರು ಗಿರಾಕಿಗೆ ಕೊಟ್ಟ ಭರವಸೆ. ಮೋಸದ ಸರಕು ಕೊಂಡವನು ಗೊಣಗಿಕೊಂಡು ಸುಮ್ಮನಾಗಬೇಕಿದ್ದ ಕಾಲದಲ್ಲಿ ಅದಕ್ಕೆ ಅರ್ಥವಿತ್ತು.

ಜಪಾನಿನಲ್ಲಿ "ಗಿರಾಕಿಯೇ ದೇವರು" ಎಂಬ ಮಾತನ್ನು ಮನೆಮಾತಾಗಿಸಿದವರು ಹಾಡುಗಾರ ಮಿನಾಮಿ ಹರುವೊ. 1960ರ ದಶಕದ ಆರಂಭದಲ್ಲಿ ಅವರು ಹೇಳಿದ್ದು ತಮ್ಮ ರಂಗದ ಬಗ್ಗೆ: ದೇವರ ಎದುರು ನಿಂತಂತೆ ಮನಸ್ಸು ಶುದ್ಧವಾಗಿಟ್ಟುಕೊಂಡು ಹಾಡಬೇಕು ಎಂದು. ಅಂಗಡಿಗಳು ಆ ಮಾತನ್ನು ಎತ್ತಿಕೊಂಡು ಅದರ ಅರ್ಥವನ್ನೇ ತಿರುಗಿಸಿದವು.

ನಮ್ಮಲ್ಲಿ ಬ್ಯಾಂಕು, ಅಂಚೆ ಕಚೇರಿ, ಸಹಕಾರ ಸಂಘಗಳ ಗೋಡೆಯ ಮೇಲೆ ಗಾಂಧೀಜಿಯ ಚಿತ್ರದೊಂದಿಗೆ ಒಂದು ಫಲಕ ಇರುತ್ತದೆ. ಗ್ರಾಹಕರೇ ನಮ್ಮಲ್ಲಿಗೆ ಬರುವ ಎಲ್ಲರಿಗಿಂತ ಮುಖ್ಯ ಅತಿಥಿ, ಅವರು ನಮ್ಮನ್ನು ಅವಲಂಬಿಸಿಲ್ಲ, ನಾವೇ ಅವರನ್ನು ಅವಲಂಬಿಸಿದ್ದೇವೆ ಎಂಬ ಅರ್ಥದ ಸಾಲುಗಳು. ಗಾಂಧೀಜಿ ಅದನ್ನು ಹೇಳಿದ್ದಕ್ಕೆ ಆಧಾರ ಸಿಕ್ಕಿಲ್ಲ. ಮೂಲ ಹುಡುಕಿದವರು 1941ರಲ್ಲಿ ಅಮೆರಿಕದ ಸ್ಟುಡಿಬೇಕರ್ ಕಾರು ಕಂಪನಿಯ ಮಾರಾಟ ವಿಭಾಗದ ಅಧಿಕಾರಿಯೊಬ್ಬರ ಮಾತಿಗೆ ಬಂದು ಮುಟ್ಟಿದ್ದಾರೆ. ಕಾರು ಮಾರುವವನ ಮಾತಿಗೆ ಮಹಾತ್ಮರ ಮೊಹರು ಬಿದ್ದದ್ದು ಸಣ್ಣ ಸಂಗತಿಯಲ್ಲ. ವ್ಯಾಪಾರದ ನಿಯಮ ಧರ್ಮದ ನಿಯಮವಾದರೆ ಎದುರು ಮಾತಾಡುವುದು ಪಾಪವಾಗುತ್ತದೆ. "ಅತಿಥಿ ದೇವೋ ಭವ" ಎಂಬ ಉಪನಿಷತ್ತಿನ ಮಾತಿಗೂ ಇದೇ ಗತಿ ಬಂದಿದೆ. ಅಲ್ಲಿ ಅತಿಥಿ ಬರುವುದು ಮನೆಗೆ. ಸತ್ಕರಿಸುವವನು ಆ ಮನೆಯ ಯಜಮಾನ.

ಇನ್ನೊಂದು ಕಡೆ ಗ್ರಾಹಕರ ಹಕ್ಕು ನ್ಯಾಯವಾಗಿಯೇ ಬೆಳೆಯಿತು. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಅದರ ಜಾಗಕ್ಕೆ ಬಂದ 2019ರ ಕಾಯ್ದೆ, ಕರ್ನಾಟಕದಲ್ಲಿ 2011ರ ಸಕಾಲ ಕಾಯ್ದೆ ಜನರಿಗೆ ಕೇಳುವ ಧೈರ್ಯ ಕೊಟ್ಟವು. ಸಕಾಲ ಕಾಯ್ದೆಯಡಿ ಸರ್ಕಾರಿ ಸೇವೆಯ ಅರ್ಜಿ ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500ರವರೆಗೆ, ತಪ್ಪಿತಸ್ಥ ಅಧಿಕಾರಿಯಿಂದಲೇ ವಸೂಲಿ ಮಾಡುವ ನಿಯಮವಿದೆ. ಇವೆಲ್ಲ ಬೇಕಾದ ಕಾನೂನುಗಳೇ. ಆದರೆ ಕೌಂಟರಿನ ಆಚೆ ನಿಂತವರಿಗೆ ಸಿಕ್ಕ ಹಕ್ಕಿಗೆ ಜೋಡಿಯಾಗಿ ಈಚೆ ಕೂತವರಿಗೆ ಏನೂ ಬರಲಿಲ್ಲ.

ನಗುವೂ ದುಡಿಮೆಯೇ

ಈ ವಿಷಯಕ್ಕೆ ಮೊದಲು ಹೆಸರು ಕೊಟ್ಟವರು ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್. 1983ರಲ್ಲಿ ಬಂದ ಅವರ 'ದ ಮ್ಯಾನೇಜ್ಡ್ ಹಾರ್ಟ್' ಪುಸ್ತಕ ಡೆಲ್ಟಾ ವಿಮಾನ ಸಂಸ್ಥೆಯ ಗಗನಸಖಿಯರನ್ನೂ ಸಾಲ ವಸೂಲಿ ಮಾಡುವವರನ್ನೂ ಅಕ್ಕಪಕ್ಕ ಇಟ್ಟು ನೋಡಿತು. ಒಬ್ಬರಿಗೆ ಇಲ್ಲದ ಪ್ರೀತಿ ತೋರಿಸುವ ಕೆಲಸ, ಇನ್ನೊಬ್ಬರಿಗೆ ಇಲ್ಲದ ಸಿಟ್ಟು ತೋರಿಸುವ ಕೆಲಸ. ಇಬ್ಬರೂ ಭಾವನೆಯನ್ನು ಸಂಬಳಕ್ಕೆ ದುಡಿಸುತ್ತಾರೆ. ಇದಕ್ಕೆ ಅವರು ಭಾವಶ್ರಮ ಎಂದರು. ಮುಖದಲ್ಲಿ ಮಾತ್ರ ನಗುವುದು ಒಂದು ಬಗೆ. ಎದುರಿನವರ ಮೇಲೆ ನಿಜವಾಗಿ ಕನಿಕರ ಹುಟ್ಟುವಂತೆ ಮನಸ್ಸನ್ನೇ ತಿದ್ದಿಕೊಳ್ಳುವುದು ಇನ್ನೊಂದು ಬಗೆ. ಬಹಳ ಕಾಲ ಇದನ್ನು ಮಾಡಿದವರು ತಮ್ಮ ನಿಜವಾದ ಭಾವನೆ ಯಾವುದೆಂದು ತಾವೇ ಗುರುತಿಸಲಾರದ ಸ್ಥಿತಿ ತಲುಪುತ್ತಾರೆ ಎಂಬುದು ಅವರ ಆತಂಕ.

ಬೆಂಗಳೂರಿಗೆ ಈ ಮಾತು ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಅನುಭವಕ್ಕೆ ಬಂತು. ರಾತ್ರಿ ಪಾಳಿಯಲ್ಲಿ ಕೂತು, ಹೆಸರು ಬದಲಿಸಿಕೊಂಡು, ಉಚ್ಚಾರಣೆ ತಿದ್ದಿಕೊಂಡು ಅಮೆರಿಕದ ಗಿರಾಕಿಗಳ ಕರೆ ಎತ್ತಿದ ಹುಡುಗ ಹುಡುಗಿಯರು, ಅಲ್ಲಿ ಕೆಲಸ ಕಳೆದುಕೊಂಡವರ ಸಿಟ್ಟನ್ನೂ ಕಿವಿಯಲ್ಲಿ ತುಂಬಿಕೊಂಡರು. 2004ರ ಡಿಸೆಂಬರಿನಲ್ಲಿ ಫಿಲಡೆಲ್ಫಿಯಾದ ರೇಡಿಯೊ ನಿರೂಪಕನೊಬ್ಬ ಭಾರತದ ಕಾಲ್ ಸೆಂಟರಿನ ಹುಡುಗಿಗೆ ಕರೆ ಮಾಡಿ, ಜನಾಂಗದ ಹೆಸರೆತ್ತಿ ಹೊಲಸಾಗಿ ಬೈದು, ಅದನ್ನೇ ಕಾರ್ಯಕ್ರಮವಾಗಿ ಪ್ರಸಾರ ಮಾಡಿದ. ಬೆಂಗಳೂರು, ದಿಲ್ಲಿ, ಪುಣೆಯ ಕೆಲಸಗಾರರನ್ನು ಮಾತಾಡಿಸಿ ಕಿರಣ್ ಮೀರ್‌ಚಂದಾನಿ 2012ರಲ್ಲಿ ಬರೆದ 'ಫೋನ್ ಕ್ಲೋನ್ಸ್' ಈ ದುಡಿಮೆಗೆ ಇನ್ನೊಂದು ಪದರ ಸೇರಿಸಿತು: ಇಲ್ಲಿ ಭಾವನೆಯ ಜೊತೆಗೆ ತಾನು ಯಾರು ಎಂಬುದನ್ನೂ ಗಿರಾಕಿಗೆ ಒಪ್ಪುವ ಹಾಗೆ ಹೊಂದಿಸಿಕೊಳ್ಳಬೇಕು.

ಒಳಗೆ ಆಗುವ ಸವೆತವನ್ನು ಈ ವಿಚಾರಧಾರೆ ಚೆನ್ನಾಗಿ ವಿವರಿಸುತ್ತದೆ. ಅಲಿಶಿಯಾ ಗ್ರ್ಯಾಂಡಿ ಮತ್ತು ಸಂಗಡಿಗರು 2004ರಲ್ಲಿ ಕಾಲ್ ಸೆಂಟರ್ ನೌಕರರ ಮೇಲೆ ನಡೆಸಿದ ಅಧ್ಯಯನ ಇದನ್ನೇ ಮುಂದುವರಿಸಿತು. ಬೈಗುಳದಿಂದ ಹೆಚ್ಚು ಕುಗ್ಗಿದವರು ಮುಖವಾಡದ ನಗುವಿಗೆ ಮೊರೆಹೋಗುತ್ತಾರೆ. ತನ್ನ ಕೆಲಸದಲ್ಲಿ ತನಗೂ ಒಂದಿಷ್ಟು ತೀರ್ಮಾನದ ಅಧಿಕಾರ ಇದೆ ಎಂದುಕೊಂಡವರನ್ನು ಅದೇ ಬೈಗುಳ ಅಷ್ಟು ಕುಗ್ಗಿಸುವುದಿಲ್ಲ. ನಮ್ಮ ಕೌಂಟರಿನ ಹುಡುಗಿ ಯಾಕೆ ಆ ಒಂದು ಆಜ್ಞೆಗೆ ಅತ್ತಳು ಎಂಬುದು ನನಗೆ ಅರ್ಥವಾದದ್ದು ಇದನ್ನು ಓದಿದಾಗ. ಆದರೆ ಗಿರಾಕಿ ಯಾಕೆ ಬೈಯುತ್ತಾನೆ ಎಂಬುದಕ್ಕೆ ಈ ಧಾರೆಯಲ್ಲಿ ಉತ್ತರ ಕಡಿಮೆ.

ಕೆಟ್ಟ ಗಿರಾಕಿಯ ಹುಡುಕಾಟ

ಮಾರುಕಟ್ಟೆ ಪಂಡಿತರು ಆ ಉತ್ತರಕ್ಕೆ ಕೈಹಾಕಿದರು. 1990ರ ದಶಕದಲ್ಲಿ ಕ್ರಿಸ್ಟಫರ್ ಲವ್‌ಲಾಕ್ ರಸ್ತೆ ನಿಯಮ ಮುರಿದು ಅಡ್ಡ ದಾಟುವವರಿಗೆ ಇಂಗ್ಲಿಷಿನಲ್ಲಿರುವ ಪದವನ್ನೇ ತಿದ್ದಿ ಪುಂಡ ಗಿರಾಕಿಗೆ 'ಜೇಕಸ್ಟಮರ್' ಎಂದು ಹೆಸರಿಟ್ಟರು. ಲಾಯ್ಡ್ ಹ್ಯಾರಿಸ್ ಮತ್ತು ಕೇಟ್ ರೆನಾಲ್ಡ್ಸ್ ಇಂಥವರನ್ನು ಬಗೆಬಗೆಯಾಗಿ ವಿಂಗಡಿಸಿದರು: ಪರಿಹಾರದ ಆಸೆಗೆ ಸುಳ್ಳು ದೂರು ಕೊಡುವವರು, ಸಾಮಾನು ಒಡೆಯುವವರು, ಕೈಮಾಡುವವರು, ಲೈಂಗಿಕವಾಗಿ ಪೀಡಿಸುವವರು. ಈ ನೋಟದಲ್ಲಿ ತಪ್ಪು ಕೆಲವು ವ್ಯಕ್ತಿಗಳದು. ಅವರನ್ನು ಗುರುತಿಸಿ ಹೊರಗಿಟ್ಟರೆ ಸಮಸ್ಯೆ ತೀರುತ್ತದೆ.

ಈ ನೋಟ ಎಷ್ಟು ದೂರ ನಡೆಯಬಲ್ಲದು, ಎಲ್ಲಿ ಮುಗ್ಗರಿಸುತ್ತದೆ ಎಂಬುದಕ್ಕೆ ಭಾರತದ ವಿಮಾನಯಾನದಲ್ಲಿ ಒಳ್ಳೆಯ ಸಾಕ್ಷಿ ಇದೆ. 2017ರ ಮಾರ್ಚಿನಲ್ಲಿ ಶಿವಸೇನೆಯ ಸಂಸದರೊಬ್ಬರು ಆಸನದ ವಿಷಯಕ್ಕೆ ಜಗಳ ತೆಗೆದು ದಿಲ್ಲಿಯಲ್ಲಿ ಏರ್ ಇಂಡಿಯಾದ ಹಿರಿಯ ನೌಕರರೊಬ್ಬರಿಗೆ ಚಪ್ಪಲಿಯಿಂದ ಹೊಡೆದರು. ಹೊಡೆದದ್ದನ್ನು ಕ್ಯಾಮೆರಾ ಮುಂದೆ ಹೇಳಿಕೊಂಡರು ಕೂಡ. ಏರ್ ಇಂಡಿಯಾ ತನ್ನ ನೌಕರನ ಪರ ನಿಂತು ಅವರಿಗೆ ಪ್ರಯಾಣ ನಿಷೇಧಿಸಿತು, ಖಾಸಗಿ ಸಂಸ್ಥೆಗಳೂ ಜೊತೆಗೂಡಿದವು. ಎರಡು ವಾರ ಕಳೆಯಿತು. ಸಂಸತ್ತಿನಲ್ಲಿ ಗದ್ದಲವಾಯಿತು, ಸಂಸದರಿಂದ ವಿಷಾದದ ಪತ್ರ ಬಂತು, ಸಚಿವಾಲಯ ಹೇಳಿತು, ನಿಷೇಧ ತೆರವಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಪುಂಡ ಪ್ರಯಾಣಿಕರ ಪಟ್ಟಿಯ ನಿಯಮ ತಂದಿತು: ಬಾಯಿಮಾತಿನ ದುರ್ವರ್ತನೆಗೆ 3 ತಿಂಗಳವರೆಗೆ, ಮೈಮೇಲೆ ಬಿದ್ದರೆ 6 ತಿಂಗಳವರೆಗೆ, ಜೀವಕ್ಕೆ ಅಪಾಯ ತಂದರೆ 2 ವರ್ಷ ಅಥವಾ ಅದಕ್ಕೂ ಹೆಚ್ಚು. ಬೈಗುಳವೂ ಶಿಕ್ಷೆಗೆ ಯೋಗ್ಯವೆಂದು ಅಳತೆಗೋಲು ಇಟ್ಟ ನಿಯಮ ನಮ್ಮ ದೇಶದಲ್ಲಿ ಅಪರೂಪ. ನಾನು ಅದನ್ನು ಮೆಚ್ಚುತ್ತೇನೆ. ಆದರೆ ವಿಮಾನಕ್ಕೆ ಟಿಕೆಟ್ ಕೊಳ್ಳುವವರ ಗುರುತು ದಾಖಲೆಯಲ್ಲಿರುತ್ತದೆ. ಸಿಟಿ ಬಸ್ಸಿನ ಫುಟ್‌ಬೋರ್ಡಿನ ಮೇಲೆ ನಿಂತವನ ಹೆಸರು ಕಂಡಕ್ಟರಿಗೆ ಯಾರು ಹೇಳಬೇಕು?

ಬೈಗುಳವನ್ನು ತಯಾರಿಸುವ ವ್ಯವಸ್ಥೆ

ಬಸ್ಸಿನ ಮಾತು ಬಂದಾಗ ಮೂರನೆಯ ವಿಚಾರಧಾರೆಗೆ ಬರಲೇಬೇಕು. ನನಗೆ ಹೆಚ್ಚು ಒಪ್ಪಿಗೆಯಾಗುವುದು ಇದೇ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಮಾರೆಕ್ ಕೊರ್ಚಿನ್ಸ್ಕಿ ಮತ್ತು ಕ್ಲೇರ್ ಇವಾನ್ಸ್ 2013ರಲ್ಲಿ ಮಂಡಿಸಿದ ವಾದದ ತಿರುಳು ಹೀಗಿದೆ: ಗಿರಾಕಿಗೆ "ನೀನೇ ದೊರೆ" ಎಂದು ಆಸೆ ಹುಟ್ಟಿಸುವುದು ಸಂಸ್ಥೆ. ಖರ್ಚು ಉಳಿಸಲು ಸಾಲು ಉದ್ದ ಮಾಡುವುದು, ನಿಯಮ ಬಿಗಿ ಮಾಡುವುದು, ಸಿಬ್ಬಂದಿ ಕಡಿಮೆ ಮಾಡುವುದು ಕೂಡ ಅದೇ ಸಂಸ್ಥೆ. ದೊರೆತನದ ಭ್ರಮೆ ಒಡೆಯುವ ಗಳಿಗೆಯಲ್ಲಿ ಎದುರಿಗಿರುವುದು ಮಾತ್ರ ಕೆಳಗಿನ ನೌಕರ. ಹೀಗಾಗಿ ಬೈಗುಳ ಯಾರೋ ಒಬ್ಬಿಬ್ಬರ ಕೆಟ್ಟ ಸ್ವಭಾವದ ಫಲ ಎನ್ನಲಾಗದು, ಸೇವೆಯನ್ನು ಕಟ್ಟಿದ ರೀತಿಯಲ್ಲೇ ಅದು ಹುಟ್ಟುತ್ತದೆ. ಇದಕ್ಕೂ ಮೊದಲು, 1980ರಲ್ಲಿ, ಮೈಕೆಲ್ ಲಿಪ್ಸ್ಕಿ ಸರ್ಕಾರದ ಕೆಳಹಂತದ ನೌಕರರ ಬಗ್ಗೆ ಇಂಥದೇ ಮಾತು ಹೇಳಿದ್ದರು. ಮೇಲೆ ಕೂತವರು ಮಾಡಿದ ನೀತಿಯ ಮುಖ ಜನರಿಗೆ ಕಾಣುವುದು ಕಿಟಕಿಯಲ್ಲಿ ಕೂತ ಗುಮಾಸ್ತನಲ್ಲಿ. ಸಾಕಾಗದ ಹಣ, ಸಾಕಾಗದ ಕೈಗಳ ಭಾರವೆಲ್ಲ ಬೀಳುವುದು ಅವನ ಮೇಲೆಯೇ.

ನಮ್ಮ ಕಂಡಕ್ಟರನ್ನು ನೋಡಿ. ಚಿಲ್ಲರೆ ಇಲ್ಲದೆ ಟಿಕೆಟ್ಟಿನ ಹಿಂದೆ ಬಾಕಿ ಬರೆದು ಕೊಡುವ ಪದ್ಧತಿಯಿಂದ ಎಷ್ಟು ಜಗಳ ಹುಟ್ಟಿದೆ ಎಂದು ಬಸ್ಸಿನಲ್ಲಿ ಓಡಾಡುವ ಎಲ್ಲರಿಗೂ ಗೊತ್ತು. ಡಿಪೊದಿಂದ ಹೊರಡುವಾಗ ಸಾಕಷ್ಟು ಚಿಲ್ಲರೆ ಕೈಗೆ ಬಂದಿರುವುದಿಲ್ಲ. ಇಳಿಯುವ ಅವಸರದಲ್ಲಿರುವ ಪ್ರಯಾಣಿಕನಿಗೆ ಏಳು ರೂಪಾಯಿ ನುಂಗಿದ ಕಳ್ಳನಂತೆ ಕಾಣುವುದು ಮಾತ್ರ ಆತನೇ. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾಯಿತು. ಹೆಣ್ಣುಮಕ್ಕಳ ಓಡಾಟಕ್ಕೆ ಅದು ಕೊಟ್ಟ ಬಲ ದೊಡ್ಡದು. ಆದರೆ ನೂಕುನುಗ್ಗಲು, ಗುರುತಿನ ಚೀಟಿಯ ತಗಾದೆ, ಶೂನ್ಯ ದರದ ಟಿಕೆಟ್ಟಿನ ಲೆಕ್ಕ, ಟಿಕೆಟ್ ಕೊಟ್ಟಿಲ್ಲವೆಂದು ತನಿಖಾ ತಂಡ ಬರೆಯುವ ಮೆಮೊ ಎಲ್ಲವೂ ಆ ಒಬ್ಬ ಮನುಷ್ಯನ ಮೇಲೆ ಬಂದವು. ಪ್ರಯಾಣಿಕ ಬೈದರೆ ಆತ ತಡೆದುಕೊಳ್ಳಬೇಕು, ಎದುರು ಮಾತಾಡಿದರೆ ದೂರು, ದೂರು ಬಂದರೆ ವಿಚಾರಣೆ.

2024ರ ಅಕ್ಟೋಬರ್ 1ರಂದು ಬೆಂಗಳೂರಿನ ವೈಟ್‌ಫೀಲ್ಡ್ ಬಳಿ, ಬಾಗಿಲಲ್ಲಿ ನಿಲ್ಲಬೇಡ ಎಂದಿದ್ದಕ್ಕೆ ಒಬ್ಬ ಪ್ರಯಾಣಿಕ ಬಿಎಂಟಿಸಿ ಕಂಡಕ್ಟರಿಗೆ ಚಾಕುವಿನಿಂದ ಇರಿದ. ಇರಿದವನು ಕೆಲವೇ ದಿನಗಳ ಹಿಂದೆ ಬಿಪಿಒ ಕಂಪನಿಯೊಂದರಲ್ಲಿ ಕೆಲಸ ಕಳೆದುಕೊಂಡಿದ್ದ ಎಂದು ಆಗ ವರದಿಯಾಯಿತು. ಇರಿದ ತಪ್ಪು ಆತನದೇ, ಅದನ್ನು ಯಾವ ಸಿದ್ಧಾಂತವೂ ತೊಳೆಯಲಾರದು. ಆದರೂ ಆ ವರದಿ ನನ್ನ ಮನಸ್ಸಿನಿಂದ ಹೋಗಿಲ್ಲ. ಬೇರೆ ಎಲ್ಲೋ ಉರಿದ ಬೆಂಕಿ ಬಂದು ಬೀಳುವುದು ಕೈಗೆ ಸಿಗುವ ಸಮವಸ್ತ್ರದ ಮೇಲೆ.

ಇಲ್ಲಿ ಪಾಶ್ಚಾತ್ಯ ಬರಹಗಳಲ್ಲಿ ಅಷ್ಟಾಗಿ ಕಾಣದ ಒಂದು ಸಂಗತಿಯೂ ಇದೆ. ನಮ್ಮಲ್ಲಿ ಬೈಗುಳ ಬರೀ ಸಿಟ್ಟಿನ ಮಾತಾಗಿ ಉಳಿಯುವುದಿಲ್ಲ. ಜಾತಿ, ಲಿಂಗ, ಭಾಷೆಯ ಆಯುಧಗಳನ್ನು ಹಿಡಿದೇ ಅದು ಬರುತ್ತದೆ. ಏಕವಚನ ಮೊದಲು ಇಳಿಯುವುದು ಸೆಕ್ಯುರಿಟಿ ಗಾರ್ಡಿನ ಮೇಲೆ, ಮನೆ ಬಾಗಿಲಿಗೆ ಊಟ ತಂದ ಹುಡುಗನ ಮೇಲೆ. ಗಾಜಿನ ಕೋಣೆಯೊಳಗಿನ ಮ್ಯಾನೇಜರಿಗೆ ಅದೇ ಬಾಯಿ "ಸರ್" ಎನ್ನುತ್ತದೆ.

ಮೇಲಿನವರು ಯಾಕೆ ಬರುವುದಿಲ್ಲ?

ಬೆಂಬಲ ಯಾಕೆ ಸಿಗುವುದಿಲ್ಲ ಎಂಬುದಕ್ಕೆ ಸುಲಭದ ಉತ್ತರ ದುಡ್ಡು. ಒಬ್ಬ ಗಿರಾಕಿ ಹೋದರೆ ನಷ್ಟ ಲೆಕ್ಕಕ್ಕೆ ಸಿಗುತ್ತದೆ. ನೌಕರಳ ಮನಸ್ಸು ಮುರಿದರೆ ಆ ನಷ್ಟಕ್ಕೆ ಲೆಕ್ಕದಲ್ಲಿ ಕಾಲಂ ಇಲ್ಲ. ಈ ಲೆಕ್ಕವೇ ತಪ್ಪು ಎಂದವರು ಮ್ಯಾನೇಜ್‌ಮೆಂಟ್ ಲೋಕದಲ್ಲೇ ಇದ್ದಾರೆ. 1994ರಲ್ಲಿ ಹಾರ್ವರ್ಡಿನ ಜೇಮ್ಸ್ ಹೆಸ್ಕೆಟ್ ಮತ್ತು ಸಂಗಡಿಗರು ನೌಕರರ ತೃಪ್ತಿ, ಗಿರಾಕಿಯ ನಿಷ್ಠೆ, ಲಾಭ ಮೂರೂ ಒಂದೇ ಸರಪಳಿಯ ಕೊಂಡಿಗಳು ಎಂದು ವಾದಿಸಿದರು. ನಮ್ಮ ದೇಶದ ಎಚ್‌ಸಿಎಲ್ ಟೆಕ್ನಾಲಜೀಸ್‌ನ ಮುಖ್ಯಸ್ಥರಾಗಿದ್ದ ವಿನೀತ್ ನಾಯರ್ 2010ರಲ್ಲಿ ಪುಸ್ತಕವನ್ನೇ ಬರೆದು, ನೌಕರ ಮೊದಲು, ಗಿರಾಕಿ ಆಮೇಲೆ ಎಂದರು. ಆದರೆ ಇಂಥ ಮಾತು ಸುಲಭಕ್ಕೆ ಬದಲಿ ಸಿಗದ ಕೌಶಲವುಳ್ಳ ಇಂಜಿನಿಯರುಗಳ ಕಂಪನಿಯಲ್ಲಿ ನಿಂತಷ್ಟು ಸುಲಭವಾಗಿ, ನಾಳೆಯೇ ಬದಲಿ ಹುಡುಗಿ ಸಿಗುವ ಬಿಲ್ಲಿಂಗ್ ಕೌಂಟರಿನಲ್ಲಿ ನಿಲ್ಲುವುದಿಲ್ಲ.

ನನಗೆ ಇನ್ನೊಂದು ಕಾರಣವೂ ಕಾಣುತ್ತದೆ. ಆ ದಿನ ಗಾಜಿನ ಕೋಣೆಯಿಂದ ಬಂದ ಮ್ಯಾನೇಜರಿಗೂ ದಾಖಲೆಯಿಲ್ಲದೆ ಸಿಮ್ ಕೊಡುವ ಅಧಿಕಾರ ಇರಲಿಲ್ಲ, ಗಿರಾಕಿಯನ್ನು ಹೊರಗೆ ಕಳಿಸುವ ಅಧಿಕಾರವೂ ಇರಲಿಲ್ಲ. ತಿಂಗಳ ಕೊನೆಗೆ ಬೆಂಗಳೂರಿನ ಕಚೇರಿಗೆ ಹೋಗುತ್ತಿದ್ದ ವರದಿಯಲ್ಲಿ ದೂರಿನ ಸಂಖ್ಯೆಗೆ ಒಂದು ಕಾಲಂ ಇತ್ತು. ಸಿಬ್ಬಂದಿಗೆ ಆದ ಅವಮಾನಕ್ಕೆ ಕಾಲಂ ಇರಲಿಲ್ಲ. ಅವರ ಕೈಯಲ್ಲಿದ್ದ ಏಕೈಕ ನಾಣ್ಯ ನಮ್ಮ ಕ್ಷಮೆ, ಅದನ್ನೇ ಖರ್ಚು ಮಾಡಿದರು. ಇದನ್ನು ಅವರ ಪರವಾಗಿ ಹೇಳುತ್ತಿಲ್ಲ. ಕೈಕಟ್ಟು ಎಲ್ಲಿಂದ ಶುರುವಾಗುತ್ತದೆ ಎಂದು ತೋರಿಸಲು ಹೇಳುತ್ತಿದ್ದೇನೆ. ಆ್ಯಪ್ ಆಧಾರಿತ ಕೆಲಸದಲ್ಲಂತೂ ಮ್ಯಾನೇಜರೇ ಮಾಯ. ಗಿರಾಕಿ ಒತ್ತುವ ನಕ್ಷತ್ರಗಳೇ ಮೇಲ್ವಿಚಾರಣೆ. ದೂರು ಬಂದರೆ ಐಡಿ ಬ್ಲಾಕ್.

ಕಾನೂನು ಎಲ್ಲಿಯವರೆಗೆ ಬಂದಿದೆ?

ಹೊರಗಿನವನು ಅವಮಾನ ಮಾಡಿದರೆ ಮಾಲೀಕ ಹೊಣೆಯೇ? ಈ ಪ್ರಶ್ನೆಗೆ ಇಂಗ್ಲೆಂಡಿನ ಒಂದು ಮೊಕದ್ದಮೆ ದಾರಿ ತೆರೆದಿತ್ತು. ಡರ್ಬಿ ನಗರದ ಹೋಟೆಲೊಂದರ ಔತಣಕೂಟಕ್ಕೆ ಹಾಸ್ಯಗಾರ ಬರ್ನಾರ್ಡ್ ಮ್ಯಾನಿಂಗ್‌ನನ್ನು ಕರೆಸಿದ್ದರು. ಮೇಜು ತೆಗೆಯುತ್ತಿದ್ದ ಇಬ್ಬರು ಕಪ್ಪು ವರ್ಣದ ಪರಿಚಾರಿಕೆಯರನ್ನೇ ಗುರಿ ಮಾಡಿ ಆತ ಜನಾಂಗೀಯ ಹಾಸ್ಯ ಮಾಡಿದ, ಅತಿಥಿಗಳೂ ದನಿಗೂಡಿಸಿದರು. ಅವರನ್ನು ಆ ಕೋಣೆಯಿಂದ ಹೊರಗೆ ಕರೆಯಲು ಮೇಲ್ವಿಚಾರಕರಿಗೆ ಸಾಧ್ಯವಿತ್ತು, ಕರೆಯಲಿಲ್ಲ. ತಡೆಯುವುದು ಕೈಯಲ್ಲಿದ್ದೂ ತಡೆಯದ ಹೋಟೆಲು ಹೊಣೆ ಎಂದು 1996ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಹೇಳಿತು. 2003ರಲ್ಲಿ ಬೇರೊಂದು ಮೊಕದ್ದಮೆಯಲ್ಲಿ ಹೌಸ್ ಆಫ್ ಲಾರ್ಡ್ಸ್ ಆ ತೀರ್ಪು ತಪ್ಪು ಎಂದಿತು. 2010ರ ಸಮಾನತಾ ಕಾಯ್ದೆ ಹೊಣೆಯನ್ನು ಮತ್ತೆ ತಂದಿತು, 2013ರಲ್ಲಿ ಅದನ್ನು ತೆಗೆದುಹಾಕಿದರು, 2025ರ ಉದ್ಯೋಗ ಹಕ್ಕುಗಳ ಕಾಯ್ದೆಯಲ್ಲಿ ಮತ್ತೆ ಸೇರಿಸಿದ್ದಾರೆ. ಮೂವತ್ತು ವರ್ಷ ಒಂದೇ ಹೊಣೆಯನ್ನು ಇಡುವುದು, ತೆಗೆಯುವುದು ನಡೆದಿದೆ.

ದಕ್ಷಿಣ ಕೊರಿಯಾ ಇನ್ನೂ ನೇರವಾಗಿ ಹೋಯಿತು. 2018ರ ಅಕ್ಟೋಬರಿನಿಂದ ಅಲ್ಲಿನ ಕೈಗಾರಿಕಾ ಸುರಕ್ಷತೆಯ ಕಾನೂನು ಗಿರಾಕಿಯ ಬೈಗುಳವನ್ನು ಯಂತ್ರದಿಂದ ಆಗುವ ಗಾಯದ ಸಾಲಿಗೆ ಸೇರಿಸಿದೆ. ಬೈಗುಳ ತಿಂದವರ ಕೆಲಸವನ್ನು ಮಾಲೀಕ ಆ ಕ್ಷಣ ನಿಲ್ಲಿಸಬೇಕು ಅಥವಾ ಬದಲಿಸಬೇಕು, ವಿರಾಮ ಕೊಡಬೇಕು, ಚಿಕಿತ್ಸೆ ಹಾಗೂ ಕಾನೂನು ನೆರವಿಗೆ ಒದಗಬೇಕು. ಹೀಗೆ ಕೇಳಿದರೆಂದು ಕೆಲಸದಿಂದ ತೆಗೆಯುವ ಹಾಗಿಲ್ಲ. ಅದಕ್ಕೆ ಒಂದು ವರ್ಷ ಮೊದಲು ಅಲ್ಲಿನ ತೈಲ ಕಂಪನಿಯೊಂದು ಕಾಲ್ ಸೆಂಟರಿನ ಕಾಯುವ ದನಿಯನ್ನು ಬದಲಿಸಿತ್ತು. ಕರೆ ಮಾಡಿದವರಿಗೆ ಮೊದಲು ಒಂದು ಮಗುವಿನ ದನಿ ಕೇಳುತ್ತಿತ್ತು: ನನ್ನ ಅಮ್ಮ ನಿಮ್ಮ ಜೊತೆ ಮಾತಾಡುತ್ತಾರೆ ಎಂದು. ಅದನ್ನು ಕೇಳಿದಾಗ ನನಗೆ ಗಂಟಲು ಕಟ್ಟಿತು. ಆದರೂ, ಯಾರದೋ ಅಮ್ಮ ಎಂದು ನೆನಪಿಸಿದ ಮೇಲೆ ಸಿಗುವ ಮರ್ಯಾದೆ ಎಷ್ಟು ಗಟ್ಟಿ?

ಜಪಾನಿನ ಸಪ್ಪೊರೊದಲ್ಲಿ 2013ರಲ್ಲಿ ಗಿರಾಕಿಯೊಬ್ಬಳು ಬಟ್ಟೆ ಅಂಗಡಿಯ ನೌಕರರನ್ನು ಮಂಡಿಯೂರಿಸಿ ಕ್ಷಮೆ ಕೇಳಿಸಿ, ಚಿತ್ರ ತೆಗೆದು ಜಾಲತಾಣದಲ್ಲಿ ಹಾಕಿ ಬಂಧನಕ್ಕೊಳಗಾದಳು. ಗಿರಾಕಿ ಕಿರುಕುಳಕ್ಕೆ ಅಲ್ಲಿ 'ಕಸುಹರ' ಎಂಬ ಪದವೇ ಬಳಕೆಗೆ ಬಂದಿದೆ. ಟೋಕಿಯೊದ ಆಡಳಿತ 2024ರ ಅಕ್ಟೋಬರಿನಲ್ಲಿ ಅದನ್ನು ನಿಷೇಧಿಸುವ ನಿಯಮ ಅಂಗೀಕರಿಸಿತು. 2025ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ, ದಂಡ ಮಾತ್ರ ಇಲ್ಲ. 2019ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಅಂಗೀಕರಿಸಿದ 190ನೇ ಒಡಂಬಡಿಕೆ, ಅದರ ಜೊತೆಯ ಶಿಫಾರಸು ಕೂಡ ಗಿರಾಕಿಗಳಿಂದ ಬರುವ ಹಿಂಸೆಯನ್ನು ಕೆಲಸದ ಹಿಂಸೆ ಎಂದೇ ಎಣಿಸುತ್ತವೆ. ಭಾರತ ಆ ಒಡಂಬಡಿಕೆಯನ್ನು ಸ್ಥಿರೀಕರಿಸಿಲ್ಲ.

ನಮ್ಮಲ್ಲಿ ಕಾನೂನು ಚೂರುಚೂರಾಗಿ ಇದೆ. 1997ರ ವಿಶಾಖಾ ತೀರ್ಪಿನಲ್ಲೇ ಸುಪ್ರೀಂ ಕೋರ್ಟ್ ಹೊರಗಿನವರ ಲೈಂಗಿಕ ಕಿರುಕುಳದ ವಿಷಯದಲ್ಲಿ ಮಾಲೀಕ ನೊಂದವಳ ನೆರವಿಗೆ ನಿಲ್ಲಬೇಕು ಎಂದಿತ್ತು. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 19ನೇ ಕಲಮು ಕೆಲಸದ ಜಾಗಕ್ಕೆ ಬಂದುಹೋಗುವವರಿಂದಲೂ ಹೆಣ್ಣಿಗೆ ಸುರಕ್ಷತೆ ಒದಗಿಸುವುದು ಮಾಲೀಕನ ಕರ್ತವ್ಯ ಎನ್ನುತ್ತದೆ. ಆಕೆ ಬಯಸಿದರೆ ಹೊರಗಿನವನ ಮೇಲೆ ಪೊಲೀಸ್ ಕ್ರಮಕ್ಕೆ ಮುಂದಾಗುವುದೂ ಅವನದೇ ಕರ್ತವ್ಯ. ಕೌಂಟರಿನಲ್ಲಿ ಕೂತ ಎಷ್ಟು ಹೆಣ್ಣುಮಕ್ಕಳಿಗೆ ಇದು ಗೊತ್ತು? ನನ್ನ ಪಕ್ಕದ ಹುಡುಗಿಗೆ ಗೊತ್ತಿರಲಿಲ್ಲ, ಆಗ ಆ ಕಾಯ್ದೆಯೂ ಬಂದಿರಲಿಲ್ಲ. ಕಂಡಕ್ಟರನ್ನು 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆ ಸಾರ್ವಜನಿಕ ನೌಕರ ಎನ್ನುವುದರಿಂದ ಆತನ ಮೇಲೆ ಕೈಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಮು ಅನ್ವಯಿಸುತ್ತದೆ, 2 ವರ್ಷದವರೆಗೆ ಶಿಕ್ಷೆ. ಆಸ್ಪತ್ರೆ ಸಿಬ್ಬಂದಿಗೆ ಕರ್ನಾಟಕದಲ್ಲಿ 2009ರಿಂದ ಪ್ರತ್ಯೇಕ ಕಾಯ್ದೆ ಇದೆ. ಜಾತಿ ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಕೈಮಾಡದೆ, ಜಾತಿಯೆತ್ತದೆ, ಮೈಗೆ ಸಂಬಂಧಿಸಿದ ಮಾತಾಡದೆ ದಿನಕ್ಕೆ ಹತ್ತು ಜನ ಹೀನಾಯವಾಗಿ ಬೈದು ಹೋದರೆ, ಸೀರೆ ಅಂಗಡಿಯ ಹುಡುಗನಿಗೆ ಮಾಲೀಕನಿಂದ ಕೇಳಲು ಯಾವ ಕಲಮೂ ಕೈಗೆ ಸಿಗುವುದಿಲ್ಲ.

2025ರ ಕರ್ನಾಟಕದ ಗಿಗ್ ಕಾರ್ಮಿಕರ ಕಾಯ್ದೆ ಒಂದು ಬಾಗಿಲನ್ನು ಅರ್ಧ ತೆರೆದಿದೆ. ಐಡಿ ರದ್ದು ಮಾಡುವ ಮೊದಲು 14 ದಿನಗಳ ನೋಟಿಸು, ಕಾರಣ ಹೇಳುವ ಹೊಣೆ, ರೇಟಿಂಗ್ ಹೇಗೆ ಕೆಲಸ ಮಾಡುತ್ತದೆಂದು ತಿಳಿಸುವ ಹೊಣೆ, ದೂರು ಕೇಳಲು ಒಬ್ಬ ಮನುಷ್ಯ ಇವೆಲ್ಲ ಅದರಲ್ಲಿವೆ.

ಯಾರೂ ಬಾರದಿದ್ದಾಗ

ಮೇಲಿನಿಂದ ಕೈ ಬಾರದಾಗ ಕೆಲಸಗಾರರು ಅಕ್ಕಪಕ್ಕದ ಕೈ ಹಿಡಿಯುತ್ತಾರೆ. ಕೊರ್ಚಿನ್ಸ್ಕಿ 2003ರಲ್ಲಿ ಇದಕ್ಕೆ ಒಂದು ಹೆಸರು ಕೊಟ್ಟರು, ಕನ್ನಡದಲ್ಲಿ ಸಹಿಷ್ಣುಗಳ ಬಳಗ ಎನ್ನಬಹುದೇನೋ. ಕಾಲ್ ಸೆಂಟರಿನವರು ಮ್ಯೂಟ್ ಒತ್ತಿ ಪಕ್ಕದವರಿಗೆ ಒಂದು ಕಣ್ಣ ಸನ್ನೆ ಮಾಡುತ್ತಾರೆ. ಕಂಡಕ್ಟರು ಡಿಪೊದ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ ಇಡೀ ಜಗಳವನ್ನು ಮತ್ತೆ ನಟಿಸಿ ತೋರಿಸುತ್ತಾರೆ. ನಮ್ಮ ಕೇಂದ್ರದಲ್ಲಿ ನಾವು ಮೂವರು ಒಂದು ಒಪ್ಪಂದ ಮಾಡಿಕೊಂಡೆವು. ಒಬ್ಬರ ಎದುರು ದನಿ ಏರಿದರೆ ಪಕ್ಕದವರು ಎದ್ದು, "ಸರ್, ಇದು ನನ್ನ ವಿಭಾಗ, ಈ ಕಡೆ ಬನ್ನಿ" ಎನ್ನುವುದು. ಅಂಥ ವಿಭಾಗವೇನೂ ಇರಲಿಲ್ಲ. ಆದರೆ ಮುಖ ಬದಲಾದರೆ ಹತ್ತರಲ್ಲಿ ಆರೇಳು ಜನರ ಸಿಟ್ಟು ಇಳಿಯುತ್ತಿತ್ತು. ಒಂದು ನೋಟ್‌ಬುಕ್ಕಿನಲ್ಲಿ ದಿನ, ಹೊತ್ತು, ಟೋಕನ್ ಸಂಖ್ಯೆ, ಬಂದ ಮಾತನ್ನು ಬಂದ ಹಾಗೆಯೇ ಬರೆದಿಡತೊಡಗಿದೆವು. ಮೂರು ತಿಂಗಳ ಬಳಿಕ ಅದನ್ನು ಮೇಲಿನವರೊಬ್ಬರ ಮುಂದೆ ಇಟ್ಟಾಗ ಬಾಗಿಲಿಗೆ ಒಬ್ಬ ಗಾರ್ಡ್ ಬಂದ. ಬಾಯಲ್ಲಿ ಹೇಳಿದ್ದಿದ್ದರೆ ಬರುತ್ತಿರಲಿಲ್ಲ.

ಎಲ್ಲ ಪ್ರತಿಕ್ರಿಯೆಯೂ ಇಷ್ಟು ಸಾತ್ವಿಕವಲ್ಲ. ಡೇನಿಯಲ್ ಸ್ಕಾರ್ಲಿಕಿ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದ ಹಾಗೆ, ಅನ್ಯಾಯಕ್ಕೊಳಗಾದ ಕಾಲ್ ಸೆಂಟರ್ ನೌಕರರು ಮೌನವಾಗಿ ಸೇಡು ತೀರಿಸಿಕೊಳ್ಳುತ್ತಾರೆ: ಬೇಕೆಂದೇ ಬಹಳ ಹೊತ್ತು ಕಾಯಿಸುವುದು, ತಪ್ಪು ವಿಭಾಗಕ್ಕೆ ಕಳಿಸುವುದು, ಮಾಡಿದೆ ಎಂದು ಹೇಳಿ ಮಾಡದೇ ಬಿಡುವುದು. ನೇರವಾಗಿ ಮಾತು ನಿಲ್ಲಿಸುವ ದಾರಿ ಮುಚ್ಚಿದರೆ ಅಡ್ಡದಾರಿ ತೆರೆದುಕೊಳ್ಳುತ್ತದೆ. ಅದರ ಪೆಟ್ಟು ಮುಂದಿನ ಟೋಕನ್ನಿನ ನಿರಪರಾಧಿ ಅಜ್ಜಿಗೂ ಬೀಳುತ್ತದೆ.

ಉಸಿರು ಎಳೆದುಕೊಳ್ಳಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಸಹನೆಯ ತರಬೇತಿಗೆ ಬನ್ನಿ ಎಂಬ ಉಪದೇಶಗಳೂ ಇವೆ. ಸಿಟ್ಟಿನಲ್ಲಿರುವವರ ಹತ್ತಿರ ಮೆಲ್ಲಗೆ ಮಾತಾಡುವ ಕಲೆ ಕಲಿತರೆ ಒಳ್ಳೆಯದೇ. ಆದರೆ ಸಂಸ್ಥೆ ಅದನ್ನು ಬಿಟ್ಟು ಬೇರೇನನ್ನೂ ಕೊಡದಿದ್ದರೆ, ಸೋರುವ ಮಾಡಿನ ಕೆಳಗೆ ಕೂತವರಿಗೆ ಛತ್ರಿ ಹಿಡಿಯುವುದನ್ನು ಕಲಿಸಿದಂತೆ.

ಇನ್ನೂ ಬಗೆಹರಿಯದ್ದು

ಮೊದಲನೆಯದಾಗಿ, ಸಿಟ್ಟು ಎಲ್ಲಿ ಮುಗಿದು ನಿಂದನೆ ಎಲ್ಲಿ ಶುರುವಾಗುತ್ತದೆ ಎಂಬುದು. 2025ರ ಮೇ ತಿಂಗಳಲ್ಲಿ ಆನೇಕಲ್ ತಾಲ್ಲೂಕಿನ ಚಂದಾಪುರದ ಬ್ಯಾಂಕ್ ಶಾಖೆಯೊಂದರ ವ್ಯವಸ್ಥಾಪಕಿ ಕನ್ನಡದಲ್ಲಿ ಮಾತಾಡಲಾರೆ ಎಂದ ವಿಡಿಯೊ ಹರಿದಾಡಿ, ಮುಖ್ಯಮಂತ್ರಿಯೇ ಖಂಡಿಸಿ, ವರ್ಗಾವಣೆಯೂ ಆಯಿತು. ತನ್ನ ನೆಲದಲ್ಲಿ ತನ್ನ ಭಾಷೆಯಲ್ಲಿ ಸೇವೆ ಕೇಳಿದ ಗ್ರಾಹಕನ ಸಿಟ್ಟು ನ್ಯಾಯವಾದದ್ದು. ಅದಕ್ಕೆ ಮೂರು ತಿಂಗಳ ಹಿಂದೆ ಬೆಳಗಾವಿ ತಾಲ್ಲೂಕಿನಲ್ಲಿ ಕನ್ನಡದಲ್ಲಿ ಮಾತಾಡಿ ಎಂದ ಕಂಡಕ್ಟರಿಗೆ ಏಟು ಬಿತ್ತು, ಜೊತೆಗೆ ಆತನ ಮೇಲೆಯೇ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ) ಕಾಯ್ದೆಯಡಿ ದೂರು ದಾಖಲಾಗಿ ಆಮೇಲೆ ದೂರು ಕೊಟ್ಟವರೇ ಹಿಂದೆ ಸರಿದರು. ಭಾಷೆ ಒಂದೇ, ಕೌಂಟರಿನ ಬದಿ ಬೇರೆ. ಬೈಗುಳಕ್ಕೆ ಕಡಿವಾಣ ಹಾಕುವ ಯಾವ ನಿಯಮವೂ ನ್ಯಾಯವಾದ ದೂರಿನ ಬಾಯಿ ಮುಚ್ಚಬಾರದು. ಆ ಗೆರೆಯನ್ನು ಎಳೆಯುವವರು ಯಾರು? ನೌಕರರೇ, ಸಂಸ್ಥೆಯೇ, ಹೊರಗಿನ ಯಾರಾದರೂ ಆಗಬೇಕೇ?

ಎರಡನೆಯದು ಸಾಕ್ಷಿಯ ಪ್ರಶ್ನೆ. 2021ರ ಮಾರ್ಚಿನಲ್ಲಿ ಬೆಂಗಳೂರಿನ ಗ್ರಾಹಕಿಯೊಬ್ಬರು ಊಟ ತಂದವನು ಹೊಡೆದನೆಂದು ರಕ್ತ ಒಸರುವ ಮೂಗಿನೊಂದಿಗೆ ವಿಡಿಯೊ ಹಾಕಿದರು. ಆತನ ಬಂಧನವಾಯಿತು, ಕೆಲಸ ನಿಂತಿತು. ತನಗೇ ಚಪ್ಪಲಿಯಿಂದ ಹೊಡೆದರು ಎಂದು ಆತ ಕೊಟ್ಟ ದೂರಿನ ಮೇಲೆ ಆಮೇಲೆ ಅವರ ಮೇಲೂ ಪ್ರಕರಣ ದಾಖಲಾಯಿತು. ಬಾಗಿಲ ಹೊಸ್ತಿಲಲ್ಲಿ ನಡೆದದ್ದಕ್ಕೆ ಮೂರನೆಯವರು ಸಾಕ್ಷಿ ಇರಲಿಲ್ಲ. ಮೈಮೇಲೆ ಕ್ಯಾಮೆರಾ ಕಟ್ಟಿಕೊಂಡರೆ ಕೆಲಸಗಾರರಿಗೆ ರಕ್ಷಣೆ ಸಿಗಬಹುದು. ಅದೇ ಕ್ಯಾಮೆರಾ ಅವರ ಮೇಲೆಯೇ ಕಣ್ಣಿಡುವ ಯಂತ್ರವಾಗುವುದನ್ನು ತಡೆಯುವ ಬಗೆ ಯಾರಿಗೂ ಹೊಳೆದಿಲ್ಲ.

ಮೂರನೆಯದು ತುರ್ತು ಸೇವೆಗಳದು. ಬಟ್ಟೆ ಅಂಗಡಿ ಗಿರಾಕಿಗೆ ಬಾಗಿಲು ತೋರಿಸಬಹುದು. ಜಿಲ್ಲಾಸ್ಪತ್ರೆಯ ನರ್ಸು, ಮಗು ಸಾಯುತ್ತಿದೆ ಎಂದು ಹುಚ್ಚಾಗಿ ಕೂಗುವ ತಂದೆಗೆ ಬಾಗಿಲು ತೋರಿಸಲಾಗದು, ತೋರಿಸಲೂ ಬಾರದು. ಅಲ್ಲಿ ಮಾತು ನಿಲ್ಲಿಸುವ ಹಕ್ಕಿಗೆ ಯಾವ ರೂಪ ಕೊಡಬೇಕು? ಒಬ್ಬಳು ಹಿಂದೆ ಸರಿದರೆ ಇನ್ನೊಬ್ಬಳು ಮುಂದೆ ಬರುವಷ್ಟು ಕೈಗಳು ಆ ವಾರ್ಡಿನಲ್ಲಿ ಇವೆಯೇ?

ಕೊನೆಯದು ಯಂತ್ರ. 2024ರಲ್ಲಿ ಜಪಾನಿನ ಸಾಫ್ಟ್‌ಬ್ಯಾಂಕ್, ಕಿರುಚುವ ಗಿರಾಕಿಯ ದನಿಯನ್ನು ಮೆತ್ತಗೆ ಮಾಡಿ ನೌಕರರ ಕಿವಿಗೆ ತಲುಪಿಸುವ ಕೃತಕ ಬುದ್ಧಿಮತ್ತೆಯ ತಂತ್ರವನ್ನು ಪ್ರಕಟಿಸಿತು. ಪದಗಳು ಹಾಗೇ ಇರುತ್ತವೆ, ಅಬ್ಬರ ಮಾತ್ರ ಇಳಿಯುತ್ತದೆ. ಆ ಸೋಮವಾರದ ಮಾತುಗಳನ್ನು ಮೆತ್ತನೆಯ ದನಿಯಲ್ಲಿ ನಾನು ಊಹಿಸಿಕೊಳ್ಳಲು ನೋಡಿದ್ದೇನೆ. ಗಿರಾಕಿಯ ಮಾತುಗಳು ಸ್ವಲ್ಪ ಮಟ್ಟಿಗೆ ಊಹೆಗೆ ಸಿಗುತ್ತವೆ. "ಸಾರಿ ಹೇಳಮ್ಮ, ಮುಗಿಸು" ಎಂದದ್ದು ಮೊದಲೇ ಮೆತ್ತಗಿತ್ತು.